ಕೀಲಿ ಒತ್ತಿದ ಕ್ಷಣದ ಚಿತ್ರ: ಸ್ಕ್ರಿಪ್ಟ್ ಬರೆದು ಸ್ಕ್ರೀನ್‌ಶಾಟ್ ತೆಗೆಯುವ ಬಗೆ

ಪ್ರಶ್ನೆ: ಕನ್ನಡ ಬೆರಳಚ್ಚು ಕಲಿಯುವವರಿಗಾಗಿ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಒಂದೊಂದು ಕೀಲಿ ಒತ್ತಿದಾಗಲೂ ಒತ್ತಕ್ಷರ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಚಿತ್ರಗಳಲ್ಲಿ ತೋರಿಸಬೇಕಾಗಿದೆ. ಉಬುಂಟು ಇರುವ ಲ್ಯಾಪ್‌ಟಾಪ್‌ನಲ್ಲಿ, ಕ್ಸಾರ್ಗ್ (ಪರದೆಯನ್ನು ನಡೆಸುವ ಹಳೆಯ ಎಕ್ಸ್11 ವ್ಯವಸ್ಥೆ) ಸೆಷನ್‌ನಲ್ಲಿ, ಪರದೆಯ ಚಿತ್ರ ತೆಗೆಯುವ ಇಮೇಜ್‌ಮ್ಯಾಜಿಕ್‌ನ ಇಂಪೋರ್ಟ್ ಆದೇಶವನ್ನು, ಅದನ್ನೇ ಮತ್ತೆ ಮತ್ತೆ ನಡೆಸುವ ಬ್ಯಾಶ್ ಲೂಪಿನೊಳಗೆ ಇಟ್ಟು, ನಡುವೆ 0.1 ಸೆಕೆಂಡಿನ ಸ್ಲೀಪ್ (ಬಿಡುವು) ಕೊಟ್ಟು, ಆ ಹೊತ್ತಿನ ಗಂಟೆ, ನಿಮಿಷ, ಸೆಕೆಂಡುಗಳನ್ನೇ ಕಡತದ ಹೆಸರಾಗಿಟ್ಟೆ. ನಿಮಿಷಕ್ಕೆ 600 ಚಿತ್ರಗಳು ಬರಬೇಕಿತ್ತು, ಬಂದದ್ದು 60. ನನಗೆ ಬೇಕಾದ ಹಂತಗಳೇ ಅವುಗಳಲ್ಲಿ ಇಲ್ಲ. ತಪ್ಪು ಎಲ್ಲಿದೆ?

ಉತ್ತರ: ನೀವು ಕೊಟ್ಟಿರುವ 60 ಎಂಬ ಸಂಖ್ಯೆಯೇ ಅರ್ಧ ಉತ್ತರವನ್ನು ಹೇಳುತ್ತದೆ. ನಿಮಿಷದಲ್ಲಿರುವುದು 60 ಸೆಕೆಂಡು; ಹೆಸರಿನಲ್ಲಿ ಸೆಕೆಂಡಿಗಿಂತ ಸೂಕ್ಷ್ಮವಾದ ಗುರುತಿಲ್ಲದ ಕಾರಣ ಒಂದೇ ಸೆಕೆಂಡಿನಲ್ಲಿ ತೆಗೆದ ಎಲ್ಲ ಚಿತ್ರಗಳಿಗೂ ಒಂದೇ ಹೆಸರು ಬಂದಿದೆ, ಇಂಪೋರ್ಟ್ ಆದೇಶವು ಏನನ್ನೂ ಕೇಳದೆ ಹಿಂದಿನ ಕಡತದ ಮೇಲೆ ಹೊಸದನ್ನು ಬರೆದಿದೆ. ಸಮಯದ ಬದಲು ಎಣಿಕೆಯನ್ನು ಹೆಸರಾಗಿಡಿ. ಪ್ರಿಂಟ್‌ಎಫ್ ಆದೇಶ ಬಳಸಿ ಆ ಎಣಿಕೆಯನ್ನು 00001, 00002 ಎಂದು ಐದು ಅಂಕಿಗಳಲ್ಲಿ ಬರೆಸಿದರೆ, ಪಟ್ಟಿಯಲ್ಲಿ 2ಕ್ಕಿಂತ ಮೊದಲು 10 ಬಂದು ಕೂರುವ ತೊಂದರೆಯೂ ಇರುವುದಿಲ್ಲ.

ಆದರೂ 600 ಚಿತ್ರಗಳು ಬರಲಾರವು. ಸ್ಲೀಪ್ 0.1 ಎಂದರೆ ಚಿತ್ರದಿಂದ ಚಿತ್ರಕ್ಕೆ 0.1 ಸೆಕೆಂಡು ಎಂದಲ್ಲ, ಒಂದು ಚಿತ್ರದ ಕೆಲಸವೆಲ್ಲ ಮುಗಿದ ಮೇಲೆ 0.1 ಸೆಕೆಂಡು ಎಂದು. ಲೂಪಿನ ಪ್ರತಿ ಸುತ್ತಿನಲ್ಲೂ ಇಂಪೋರ್ಟ್ ಹೊಸದಾಗಿ ಶುರುವಾಗಬೇಕು, ಪರದೆಯನ್ನು ಓದಬೇಕು, ಅದನ್ನು ಪಿಎನ್‌ಜಿಯಾಗಿ ಕುಗ್ಗಿಸಬೇಕು, ಡಿಸ್ಕಿಗೆ ಬರೆಯಬೇಕು. ಇದಕ್ಕೆಲ್ಲ 0.4 ಸೆಕೆಂಡು ಹಿಡಿದರೆ ಸೆಕೆಂಡಿಗೆ ಸಿಗುವುದು ಎರಡೇ ಚಿತ್ರ. ನಿಮ್ಮ ಯಂತ್ರದಲ್ಲಿ ಎಷ್ಟು ಹಿಡಿಯುತ್ತದೆ ಎಂಬುದನ್ನು, ಆದೇಶದ ಮುಂದೆ ಟೈಮ್ ಎಂದು ಸೇರಿಸಿ, ನೀವೇ ಅಳೆದು ನೋಡಿ. ಹೆಚ್ಚು ಹೊತ್ತು ತಿನ್ನುವುದು ಸಾಮಾನ್ಯವಾಗಿ ಕುಗ್ಗಿಸುವ ಕೆಲಸ. 1920×1080 ಪರದೆಯಲ್ಲಿ ಒಂದು ಚುಕ್ಕೆಗೆ 4 ಬೈಟ್‌ನಂತೆ ಸುಮಾರು 83 ಲಕ್ಷ ಬೈಟ್‌ಗಳಿರುತ್ತವೆ. ನಿಮಗೆ ಬೇಕಾದದ್ದು ಅಕ್ಷರ ಮೂಡುವ ಜಾಗ ಮಾತ್ರ; 600×200 ಅಳತೆಯ ತುಂಡನ್ನಷ್ಟೇ ಹಿಡಿದರೆ ಈ ಹೊರೆ ಹದಿನೇಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇನ್ನೂ ವೇಗ ಬೇಕೆಂದರೆ ಲೂಪನ್ನೇ ಬಿಟ್ಟು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಉಪಕರಣ ಬಳಸಿ. ಅದರ ಎಕ್ಸ್11ಗ್ರ್ಯಾಬ್ ಎಂಬ ಭಾಗವು ಒಮ್ಮೆ ತೆರೆದುಕೊಂಡು, ನಿಲ್ಲಿಸುವವರೆಗೂ ಪರದೆಯನ್ನು ಓದುತ್ತಲೇ ಇರುತ್ತದೆ. ಫ್ರೇಮ್‌ರೇಟ್ 15 (ಸೆಕೆಂಡಿಗೆ 15 ಚಿತ್ರ) ಎಂದು ಕೊಟ್ಟು, 20 ಸೆಕೆಂಡಿಗೆ ನಿಲ್ಲಿಸಿ, ಹೊರಬರುವ ಕಡತದ ಹೆಸರಿನಲ್ಲಿ ಎಣಿಕೆಯ ಗುರುತನ್ನು ಇಟ್ಟರೆ 300 ಚಿತ್ರಗಳು ಸಾಲಾಗಿ ಸಿಗುತ್ತವೆ. ಒಂದೇ ತೆರನಾದ ಚಿತ್ರಗಳನ್ನು ಕೈಬಿಡಲು ಎಂಪಿಡೆಸಿಮೇಟ್ ಎಂಬ ಫಿಲ್ಟರ್ ಇದೆ. ಅದರ ಜೊತೆಗೆ ಫ್ರೇಮ್ ವೇಗವನ್ನು ವಿಎಫ್‌ಆರ್ (ಬದಲಾಗುವ ವೇಗ) ಎಂದು ಹೇಳುವುದನ್ನು ಮರೆತರೆ, ಕೈಬಿಟ್ಟ ಚಿತ್ರಗಳ ಜಾಗವನ್ನು ಎಫ್‌ಎಫ್‌ಎಂಪೆಗ್ ಮತ್ತೆ ನಕಲುಗಳಿಂದಲೇ ತುಂಬಿಬಿಡುತ್ತದೆ. ಮಿನುಗುವ ಕರ್ಸರ್ ಕೂಡ ಬದಲಾವಣೆಯೆಂದು ಲೆಕ್ಕಕ್ಕೆ ಬರಬಹುದಾದ್ದರಿಂದ, ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಅದರ ಮಿನುಗನ್ನು ಮೊದಲೇ ನಿಲ್ಲಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಕೆಲಸಕ್ಕೆ ವೇಗವೇ ಬೇಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. 'ಸ್ತ್ರೀ' ಎಂಬ ಪದವನ್ನು ತೆಗೆದುಕೊಳ್ಳಿ: ಸ, ಸ್, ಸ್ತ, ಸ್ತ್, ಸ್ತ್ರ, ಸ್ತ್ರೀ ಎಂದು ಆರು ಹಂತಗಳು, ಆದ್ದರಿಂದ ನಿಮಗೆ ಬೇಕಾದದ್ದು ಆರೇ ಚಿತ್ರಗಳು. ಕೈ ಒಂದು ಕಡೆ ತನ್ನ ಲಯದಲ್ಲಿ ಕೀಲಿ ಒತ್ತುತ್ತಿರುವಾಗ, ಸ್ಕ್ರಿಪ್ಟ್ ಇನ್ನೊಂದು ಕಡೆ ತನ್ನ ಲಯದಲ್ಲಿ ಚಿತ್ರ ತೆಗೆಯುತ್ತಿದ್ದರೆ ಎರಡೂ ಕೂಡುವುದು ಆಕಸ್ಮಿಕವಾಗಿ ಮಾತ್ರ. ಆ ಆರನ್ನು 300ರ ರಾಶಿಯಲ್ಲಿ ಹುಡುಕುತ್ತ ನೀವು ಸಂಜೆಗಳನ್ನು ಕಳೆಯಬೇಕಾಗುತ್ತದೆ. ಅದರ ಬದಲು ಕೀಲಿ ಒತ್ತುವ ಕೆಲಸವನ್ನೂ ಸ್ಕ್ರಿಪ್ಟಿಗೇ ವಹಿಸಿ. ಎಕ್ಸ್‌ಡೂಟೂಲ್ ಎಂಬ ಪುಟ್ಟ ಉಪಕರಣವು ಕೀಲಿಮಣೆಯ ಪರವಾಗಿ ತಾನೇ ಕೀಲಿ ಒತ್ತಬಲ್ಲದು. ಪದದ ಕೀಲಿಗಳನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟು, ಪ್ರತಿ ಸುತ್ತಿನಲ್ಲೂ ಒಂದು ಕೀಲಿ ಒತ್ತಿಸಿ, ಅಕ್ಷರ ಪರದೆಯ ಮೇಲೆ ಮೂಡಲು 0.3 ಸೆಕೆಂಡು ಬಿಟ್ಟು, ಬಳಿಕ ಚಿತ್ರ ತೆಗೆಸಿ. ಲೂಪ್ ಶುರುವಾಗುವ ಮೊದಲು ಐದು ಸೆಕೆಂಡಿನ ಬಿಡುವು ಇರಲಿ. ಅಷ್ಟರಲ್ಲಿ ನೀವು ಟರ್ಮಿನಲ್ ಬಿಟ್ಟು, ಬರೆಯುವ ಕಿಟಕಿಯ ಮೇಲೆ ಕ್ಲಿಕ್ ಮಾಡಿ, ಕನ್ನಡ ವಿನ್ಯಾಸ ಆಯ್ಕೆಯಾಗಿದೆಯೇ ಎಂದು ನೋಡಿಕೊಳ್ಳಬಹುದು. ಇಂಪೋರ್ಟ್ ಎಷ್ಟೇ ನಿಧಾನವಾದರೂ ಈ ಕ್ರಮದಲ್ಲಿ ಒಂದು ಹಂತವೂ ತಪ್ಪುವುದಿಲ್ಲ. ಅಕ್ಷರದ ಗಾತ್ರವನ್ನು 48 ಅಥವಾ ಅದಕ್ಕಿಂತ ದೊಡ್ಡದಾಗಿಡಿ. ಅಚ್ಚಿನಲ್ಲಿ ಒತ್ತು ಸ್ಪಷ್ಟವಾಗಿ ಕಾಣದಿದ್ದರೆ ಕಲಿಯುವವರಿಗೆ ಆ ಚಿತ್ರದಿಂದ ಪ್ರಯೋಜನವಾಗದು. ಇದೇ ಕಾರಣಕ್ಕೆ ಜೆಪೆಗ್ ಬೇಡ, ಪಿಎನ್‌ಜಿಯೇ ಇರಲಿ: ಅಕ್ಷರದ ಅಂಚಿನ ಸುತ್ತ ಜೆಪೆಗ್ ಮಸುಕನ್ನು ತರುತ್ತದೆ.

ಪ್ರಶ್ನೆ: ಉಬುಂಟುವನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ನನ್ನ ಹಳೆಯ ಸ್ಕ್ರಿಪ್ಟ್ ಬರೀ ಕಪ್ಪು ಚಿತ್ರಗಳನ್ನು ಕೊಡುತ್ತಿದೆ. ಸ್ಕ್ರಿಪ್ಟಿನಲ್ಲಿ ನಾನು ಏನನ್ನೂ ಬದಲಿಸಿಲ್ಲ.

ಉತ್ತರ: ಬದಲಾಗಿರುವುದು ಬಹುಶಃ ಕೆಳಗಿನ ನೆಲ. ಎಕ್ಸ್11 ವ್ಯವಸ್ಥೆಯಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಇಡೀ ಪರದೆಯನ್ನು ಓದಬಹುದಿತ್ತು, ಉಬುಂಟು 21.04ರಿಂದ ಹೆಚ್ಚಿನ ಯಂತ್ರಗಳಲ್ಲಿ ತಾನಾಗಿಯೇ ಆಯ್ಕೆಯಾಗುವ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆ ಅದನ್ನು ಒಪ್ಪುವುದಿಲ್ಲ. ಬ್ಯಾಂಕಿನ ಪುಟವನ್ನೋ ಒಟಿಪಿಯನ್ನೋ ಇನ್ನೊಂದು ಪ್ರೋಗ್ರಾಂ ಸದ್ದಿಲ್ಲದೆ ನೋಡಬಾರದು ಎಂಬುದು ಅದರ ಹಿಂದಿನ ಕಾಳಜಿ, ಮತ್ತು ಅದು ಸರಿಯಾದ ಕಾಳಜಿ. ಲಾಗಿನ್ ಪರದೆಯ ಗೇರ್ ಗುರುತಿನಲ್ಲಿ ಕ್ಸಾರ್ಗ್ ಸೆಷನ್ ಆಯ್ದುಕೊಂಡರೆ ಹಳೆಯ ಸ್ಕ್ರಿಪ್ಟ್ ಮೊದಲಿನಂತೆ ನಡೆಯುತ್ತದೆ, ಆದರೆ 25.10ರಿಂದ ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಆ ಆಯ್ಕೆ ಇಲ್ಲ. ಅಲ್ಲಿ ಪ್ರಿಂಟ್‌ಸ್ಕ್ರೀನ್ ಕೀಲಿ ಒತ್ತಿದಾಗ ತೆರೆಯುವ ಪರದೆಯಿಂದ ವಿಡಿಯೋ ಮಾಡಿಕೊಂಡು, ಎಫ್‌ಎಫ್‌ಎಂಪೆಗ್‌ನ ಎಫ್‌ಪಿಎಸ್ ಫಿಲ್ಟರಿನಿಂದ ಸೆಕೆಂಡಿಗೆ 10 ಚಿತ್ರಗಳಂತೆ ಬಿಡಿಸಿಕೊಳ್ಳುವುದು ಸುಲಭದ ದಾರಿ. ಗ್ನೋಮ್ ಬದಲು ಸ್ವೇ ಬಳಸುವವರಿಗೆ ಚಿತ್ರ ತೆಗೆಯಲು ಗ್ರಿಮ್ ಎಂಬ ಆದೇಶವಿದೆ.

ಪ್ರಶ್ನೆ: ಮ್ಯಾಕ್‌ನಲ್ಲಿ ಸ್ಕ್ರಿಪ್ಟ್ ಓಡಿಸಿದರೆ ಡೆಸ್ಕ್‌ಟಾಪಿನ ಹಿನ್ನೆಲೆ ಚಿತ್ರ ಮಾತ್ರ ಬರುತ್ತಿದೆ, ಕಿಟಕಿಗಳು ಬರುತ್ತಿಲ್ಲ. ಜೊತೆಗೆ ಪ್ರತಿ ಬಾರಿಯೂ ಕ್ಯಾಮೆರಾ ಸದ್ದು.

ಉತ್ತರ: ಮ್ಯಾಕ್‌ನ 2019ರ ಕ್ಯಾಟಲೀನಾ ಆವೃತ್ತಿಯಿಂದ ಈಚೆಗೆ, ಪರದೆ ಓದುವ ಪ್ರೋಗ್ರಾಂಗೆ ನೀವೇ ಅನುಮತಿ ಕೊಡಬೇಕು. ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದ ಸ್ಕ್ರೀನ್ ರೆಕಾರ್ಡಿಂಗ್ ಪಟ್ಟಿಯಲ್ಲಿ ಟರ್ಮಿನಲ್‌ಗೆ ಒಪ್ಪಿಗೆ ಕೊಟ್ಟು, ಟರ್ಮಿನಲನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಸ್ಕ್ರೀನ್‌ಕ್ಯಾಪ್ಚರ್ ಆದೇಶಕ್ಕೆ ಸಣ್ಣ ಎಕ್ಸ್ (-x) ಆಯ್ಕೆಯನ್ನು ಸೇರಿಸಿದರೆ ಸದ್ದು ನಿಲ್ಲುತ್ತದೆ. ಕೈಪಿಡಿಯ ಚಿತ್ರಗಳು ಮುಗಿದ ದಿನ ಆ ಒಪ್ಪಿಗೆಯನ್ನು ಹಿಂದೆ ತೆಗೆದುಕೊಳ್ಳಿ.