ಅಂಚಿಗೆ ಅಂಟಿಕೊಂಡರೆ ಸೇಫ್ ಅನ್ನುವುದನ್ನು ಮೊದಲು ತಲೆಯಿಂದ ತೆಗೆಯಿರಿ

ನೀವು ಕೇಳಿದ್ದು ಇಷ್ಟು: ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಲು ಶುರು ಮಾಡಿದ್ದೀರಿ. ಆದಷ್ಟೂ ಎಡ ಅಂಚಿನಲ್ಲೇ ಹೋಗುತ್ತೀರಿ, ಹಾರ್ನ್ ಕೇಳಿದರೆ ಇನ್ನೂ ಸರಿಯುತ್ತೀರಿ. ಆದರೂ ಕಾರುಗಳು ಮೈ ಸವರಿಕೊಂಡು ಹೋಗುತ್ತವೆ. ಹೊಳೆಯುವ ಜಾಕೆಟ್, ಕನ್ನಡಿ, ಒಳ್ಳೆಯ ಹೆಲ್ಮೆಟ್, ಇದರಲ್ಲಿ ಮೊದಲು ಯಾವುದು ಕೊಳ್ಳಲಿ?

ಓದುತ್ತಿದ್ದಂತೆ ನನ್ನ ಬಲ ಭುಜ ಚುಳ್ ಎಂದಿತು. ಈ ಮೂರೂ ನನ್ನ ಹತ್ತಿರ ಇದ್ದವು. ಬಿದ್ದ ದಿನವೂ ಇದ್ದವು.

ರಸ್ತೆಯ ಎಡಕ್ಕೆ ಉದ್ದಕ್ಕೂ ಗಾಡಿಗಳು ನಿಂತಿದ್ದವು. ನಾನು ಅವುಗಳ ಪಕ್ಕದಲ್ಲೇ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಹೋಗುತ್ತಿದ್ದೆ. ದೊಡ್ಡ ವ್ಯಾನ್ ಒಂದನ್ನು ದಾಟುವಾಗ ಹಿಂದಿನಿಂದ ಹಾರ್ನ್. ಸುಮ್ನೆ ಒಮ್ಮೆ ಹೊಡೆದದ್ದಲ್ಲ, ಒತ್ತಿ ಹಿಡಿದದ್ದು. ವ್ಯಾನ್ ಆದ ಮೇಲೆ ಎರಡು ಕಾರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಪಾಪ, ಅವರಿಗೂ ಅವಸರ ಇರಬಹುದು ಅಂತ ಆ ಜಾಗಕ್ಕೆ ನುಗ್ಗಿದೆ. ಹಾರ್ನ್ ಹೊಡೆದ ಕಾರು ಸರ್ರನೆ ಹೋಯಿತು. ನಾನು ನಿಲ್ಲಲಿಲ್ಲ. ಪೆಡಲ್ ತುಳಿಯುತ್ತಲೇ, ಮುಂದೆ ನಿಂತಿದ್ದ ಕಾರಿನ ಹಿಂದಿನ ಮೂಲೆ ಸುತ್ತಿ ಮತ್ತೆ ರಸ್ತೆಗೆ ಬಂದೆ. ಅಷ್ಟರಲ್ಲಿ ಆ ಕಾರಿನ ಬಾಗಿಲು ತೆರೆಯಿತು.

ಬ್ರೇಕ್ ಹಿಡಿದ ನೆನಪೂ ಇಲ್ಲ. ಹ್ಯಾಂಡಲ್ಲಿನ ಎಡ ತುದಿ ಬಾಗಿಲಿನ ಅಂಚಿಗೆ ಬಡಿಯಿತು. ಎಡ ತುದಿಗೆ ಪೆಟ್ಟು ಬಿದ್ದು ಅದು ಹಿಂದಕ್ಕೆ ಹೋದರೆ ಮುಂದಿನ ಚಕ್ರ ಎಡಕ್ಕೆ ತಿರುಗುತ್ತದೆ. ಸೈಕಲ್ ಅಲ್ಲೇ ನಿಲ್ಲುತ್ತದೆ, ಸವಾರ ಬಲಕ್ಕೆ ಹಾರುತ್ತಾನೆ. ಬಲಕ್ಕೆ ಅಂದರೆ ಗಾಡಿಗಳು ಓಡುವ ಕಡೆಗೆ. ಬಾಗಿಲಿನ ಪೆಟ್ಟನ್ನಾದರೂ ತಡೆದುಕೊಳ್ಳಬಹುದು, ಹಿಂದಿನಿಂದ ಬರುವ ಚಕ್ರವನ್ನಲ್ಲ. ನನ್ನ ಹಿಂದೆ ಒಂದು ಟೆಂಪೋ ಬರುತ್ತಿತ್ತು. ಅದರ ಡ್ರೈವರ್ ಮೊದಲಿನಿಂದಲೂ ಅಂತರ ಬಿಟ್ಟುಕೊಂಡು ಬರುತ್ತಿದ್ದರಂತೆ. ಬಂಪರ್ ನನ್ನ ಕಾಲಿನ ಹತ್ತಿರ ಬಂದು ನಿಂತಿತು. ಆತ ಟೆಂಪೋವನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಇಳಿದು ಬಂದು, "ಏಳಬೇಡಿ ಸಾರ್, ಹಿಂದಿನಿಂದ ಯಾರೂ ಬರಲ್ಲ ಈಗ" ಅಂದರು. ಕಾಲರ್ ಬೋನ್ ಮುರಿದಿತ್ತು. ಹೆಲ್ಮೆಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಬಾಗಿಲು ತೆರೆದವರ ಮುಖ ಬಿಳಿಚಿಕೊಂಡಿತ್ತು. "ಕನ್ನಡಿ ನೋಡೇ ತೆಗೆದೆ, ಯಾರೂ ಇರ್ಲಿಲ್ಲ" ಅಂತ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಮೈಯೆಲ್ಲ ಉರಿಯಿತು. ಕೈ ಜೋಳಿಗೆಯಲ್ಲಿ ಹಾಕಿಕೊಂಡು ಮನೆಯಲ್ಲಿ ಕೂತಾಗ ಯೋಚಿಸಿದೆ. ಅವರು ಹೇಳಿದ್ದು ನಿಜ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಅವರು ಬಲಗಡೆಯ ಕನ್ನಡಿ ನೋಡಿದಾಗ ನಾನು ಎಲ್ಲಿದ್ದೆ? ವ್ಯಾನಿನ ಮುಂದೆ, ಅವರ ಕಾರಿನ ಹಿಂದೆ, ಖಾಲಿ ಜಾಗದ ಒಳಗೆ. ಆ ಕನ್ನಡಿಯಲ್ಲಿ ಕಾಣುವುದು ಕಾರಿನ ಬಲಗಡೆಯ ರಸ್ತೆ ಮಾತ್ರ. ಅಲ್ಲಿ ಸರ್ರನೆ ಹೋದ ಆ ಕಾರು ಕಂಡಿರುತ್ತದೆ. ಅದು ಹೋಯಿತು, ಇನ್ನು ರಸ್ತೆ ಖಾಲಿ, ಇಳಿಯೋಣ ಅಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ನಾನು ಸಂದಿಗೆ ಹೋಗದೆ ನೇರವಾಗಿ ಬಂದಿದ್ದರೆ ಆ ಕನ್ನಡಿಯಲ್ಲಿ ನಾನೂ ಇರುತ್ತಿದ್ದೆ. ಜಾಕೆಟ್ ಎಷ್ಟು ಹೊಳೆದರೇನು, ಕಾರಿನ ಹಿಂದೆ ಅಡಗಿದವನ ಜಾಕೆಟ್ ಯಾರಿಗೆ ಕಾಣುತ್ತದೆ? ಹಿಂದೆ ಬರುತ್ತಿದ್ದ ಟೆಂಪೋದವರ ಪಾಲಿಗೂ ಅಷ್ಟೇ. ಅವರ ಮುಂದೆ ಒಬ್ಬ ಸೈಕಲ್ಲಿನವನಿದ್ದ, ಮಾಯವಾದ, ಮತ್ತೆ ದಿಢೀರ್ ಅಂತ ಹುಟ್ಟಿಬಂದ.

ದೂರದ ಲೆಕ್ಕವೂ ಇದೆ. ಕಾರಿನ ಬಾಗಿಲು ಪೂರ್ತಿ ತೆರೆದರೆ ಸುಮಾರು 1 ಮೀಟರ್ ರಸ್ತೆಗೆ ಚಾಚುತ್ತದೆ. ಹ್ಯಾಂಡಲ್ಲಿನ ಅಗಲ ಸುಮಾರು 60 ಸೆಂಟಿಮೀಟರ್, ಅಂದರೆ ಚಕ್ರದಿಂದ ಎಡಕ್ಕೆ 30 ಸೆಂಟಿಮೀಟರ್ ಹ್ಯಾಂಡಲ್ಲೇ ಇರುತ್ತದೆ. ಚಕ್ರ ಕಾರಿನಿಂದ 1 ಮೀಟರ್ ದೂರ ಇದ್ದರೂ ಹ್ಯಾಂಡಲ್ ಬಾಗಿಲಿಗೆ ತಗಲುತ್ತದೆ! ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ ಐದೂವರೆ ಮೀಟರ್ ದಾಟುತ್ತದೆ. ಎರಡು ಮೀಟರ್ ಮುಂದೆ ತೆರೆದ ಬಾಗಿಲಿಗೆ ಯಾವ ಬ್ರೇಕೂ ಸಾಲದು. ಹಾಗಾಗಿ ನಿಂತ ಗಾಡಿಗಳಿಂದ ಒಂದೂವರೆ ಮೀಟರ್ ಬಿಡಿ. ಒಳಗೆ ಡ್ರೈವರ್ ಸೀಟಿನಲ್ಲಿ ತಲೆ ಕಾಣುತ್ತಿದೆಯಾ, ಬ್ರೇಕ್ ಲೈಟ್ ಈಗಷ್ಟೇ ಆರಿತಾ ಅಂತ ನೋಡುತ್ತಿರಿ. ಆದರೆ ಇವತ್ತಿನ ಕಾರುಗಳ ಕಪ್ಪು ಗಾಜನ್ನು ನಂಬಬೇಡಿ.

ಅಂಚಿನ ಕಥೆ ಬಾಗಿಲಿಗೇ ಮುಗಿಯಲ್ಲ. ಗಾಡಿಗಳು ನಿಂತಿರದ ಕಡೆಯೂ ಮರಳು, ಗಾಜಿನ ಚೂರು, ಚರಂಡಿಯ ಜಾಲರಿ ಎಲ್ಲ ಬಂದು ಸೇರುವುದು ಅಂಚಿಗೇ. ನೀವು ಅಂಚಿಗೆ ಸರಿದಷ್ಟೂ ಹಿಂದಿನವರಿಗೆ ಅದೇ ಲೇನಿನಲ್ಲಿ ನುಸುಳಿ ಹೋಗಬಹುದು ಅನ್ನಿಸುತ್ತದೆ. ಕಾರುಗಳು ಮೈ ಸವರುವುದು ಇದಕ್ಕೇ. ಲೇನ್ ಕಿರಿದಾಗಿದ್ದರೆ ನಡುವೆ ಹೋಗಿ. ಅಹಂಕಾರ ಅಂತ ಬೈಯುವವರು ಬೈಯುತ್ತಾರೆ. ಬ್ರಿಟನ್ನಿನ ಹೈವೇ ಕೋಡ್ (ಅಲ್ಲಿನ ಎಲ್ಲ ರಸ್ತೆಗಳ ಸಂಚಾರ ನಿಯಮಗಳ ಪುಸ್ತಕ) 2022ರ ಜನವರಿಯಲ್ಲಿ ತಿದ್ದುಪಡಿಯಾದಾಗ ಇದನ್ನೇ ಹೇಳಿತು: ಗಾಡಿಗಳು ಕಡಿಮೆ ಇರುವ ರಸ್ತೆ, ನಿಧಾನವಾಗಿ ಸಾಗುವ ಟ್ರಾಫಿಕ್, ಕೂಡುರಸ್ತೆಗಳ ಹತ್ತಿರ ಸೈಕಲ್ಲಿನವರು ಲೇನಿನ ನಡುವೆ ಹೋಗಬಹುದು. ಹಿಂದೆ ಸಾಲು ಬೆಳೆದರೆ ದಾರಿ ಬಿಡಿ, ಅದು ಮರ್ಯಾದೆ. ಆದರೆ ಎಲ್ಲಿ, ಯಾವಾಗ ಅನ್ನುವುದನ್ನು ನೀವು ತೀರ್ಮಾನಿಸಿ. ನಿಜವಾಗಿ ಅಗಲವಾದ ಕಡೆ, ತಿರುಗಿ ನೋಡಿ, ಕೈ ತೋರಿಸಿ, ಸರಿದು ನಿಲ್ಲಿ. ನಾನು ಹೋದ ಹಾಗೆ ಹಾರ್ನಿಗೆ ಹೆದರಿ ಸಂದಿಗೆ ನುಗ್ಗಬೇಡಿ. ಹಾರ್ನ್ ಹೊಡೆದವರಿಗೆ ನಿಮ್ಮ ಮುಂದೆ ಏನಿದೆ ಅಂತ ಗೊತ್ತಿರಲ್ಲ, ಅಲ್ವಾ?

ಇನ್ನೊಂದು ಮಾತು: ಸಿಗ್ನಲ್ಲಿನಲ್ಲಿ ನಿಂತ ಲಾರಿ, ಬಸ್ಸುಗಳ ಎಡಕ್ಕೆ ಯಾವತ್ತೂ ನುಗ್ಗಬೇಡಿ. ಆ ಡ್ರೈವರಿಗೆ ಅಲ್ಲಿ ನೀವು ಕಾಣುವುದಿಲ್ಲ. ಲಾರಿ ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಇನ್ನೂ ಒಳಗೆ ಬರುತ್ತವೆ. ಹಿಂದೆಯೇ ನಿಂತುಬಿಡಿ.

ನೀವು ಕಾರೂ ಓಡಿಸುತ್ತೀರಾ, ಗೊತ್ತಿಲ್ಲ. ನಾನು ಓಡಿಸುತ್ತೇನೆ, ಆದ್ದರಿಂದ ಆ ಕಡೆಯವರಿಗೂ ಸ್ವಲ್ಪ ಬೈಯುವ ಹಕ್ಕು ನನಗಿದೆ. ಸೈಕಲ್ಲಿನ ಹಿಂದೆ ಬಂದು ಹಾರ್ನ್ ಹೊಡೆಯಬೇಡಿ. ಬೆಚ್ಚಿದವನು ಯಾವ ಕಡೆಗೆ ವಾಲುತ್ತಾನೋ ಹೇಳಲಾಗದು. ಹಿಂದಿಕ್ಕುವುದಾದರೆ ಪಕ್ಕದ ಲೇನಿಗೆ ಹೋಗಿ ಹಿಂದಿಕ್ಕಿ, ಆಗದಿದ್ದರೆ ಕಾಯಿರಿ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಕನಿಷ್ಠ 1.5 ಮೀಟರ್, ಊರ ಹೊರಗೆ 2 ಮೀಟರ್ ಬಿಡಲೇಬೇಕು ಅಂತ ನಿಯಮ ಇದೆ. ಸೈಕಲ್ಲಿನವನು ಗುಂಡಿ ತಪ್ಪಿಸಲು ಒಮ್ಮೆ ಹೊಯ್ದಾಡಿದರೆ ಬೇಕಾಗುವ ಜಾಗ ಅದು. ಹಿಂದಿಕ್ಕಿದ ತಕ್ಷಣ ಎಡಕ್ಕೆ ತಿರುಗುವವರಂತೂ ಇನ್ನೂ ಕೆಟ್ಟವರು. ಒಂದು ನಿಮಿಷವೂ ಉಳಿಯಲ್ಲ ಅದರಿಂದ.

ವೇಗವನ್ನೂ ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು, ಡ್ರೈವರಿಗೆ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಮತ್ತೆ ಅಷ್ಟೇ ದೂರ ಬೇಕು. 30ರಲ್ಲಿದ್ದರೆ ಎರಡೂ ಸೇರಿ 13 ಮೀಟರಿನ ಆಸುಪಾಸು. ಅಂದರೆ 30ರ ಕಾರು ನಿಂತುಬಿಟ್ಟಿರುವ ಜಾಗದಲ್ಲಿ 50ರ ಕಾರು ಇನ್ನೂ ಬ್ರೇಕನ್ನೇ ಒತ್ತಿರುವುದಿಲ್ಲ. ಆ ಟೆಂಪೋದವರು ಯಾವ ವೇಗದಲ್ಲಿದ್ದರೋ ಕೇಳಲಿಲ್ಲ. ನಾನಿನ್ನೂ ಇದ್ದೇನೆ, ನಿಧಾನವಾಗೇ ಇದ್ದಿರಬೇಕು.

ಕಾರಿನಿಂದ ಇಳಿಯುವಾಗ ಬಾಗಿಲನ್ನು ಅದರಿಂದ ದೂರದ ಕೈಯಲ್ಲಿ ತೆರೆಯಿರಿ. ಸ್ಟೇರಿಂಗ್ ಬಲಗಡೆ ಇದ್ದರೆ ಎಡಗೈಯಲ್ಲಿ. ಡಚ್ ರೀಚ್ ಅಂತಾರೆ ಇದಕ್ಕೆ. ಎಡಗೈ ಬಲ ಬಾಗಿಲಿಗೆ ಚಾಚಿದರೆ ಭುಜ ತಾನಾಗೇ ತಿರುಗುತ್ತದೆ, ಕಣ್ಣು ಕನ್ನಡಿಯ ಆಚೆಗೂ ಹಿಂದಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲಿ ಮಕ್ಕಳು ಹಿಂದಿನ ಸೀಟಿನಿಂದ ಇಳಿಯುವಾಗಲೂ ಇದೇ. ಮೊದಮೊದಲು ನಗುತ್ತಿದ್ದರು, ಈಗ ನಾನು ಮರೆತರೆ ಅವರೇ ಬೈಯುತ್ತಾರೆ.

ಇನ್ನು ನೀವು ಕೊಳ್ಳಬೇಕು ಅಂದದ್ದು. ಹೆಲ್ಮೆಟ್ ಹಾಕಿ, ಆದರೆ ಅದರಿಂದ ಏನಾಗುತ್ತದೆ ಅಂತ ತಿಳಿದು ಹಾಕಿ. ಯುರೋಪಿನ ಇಎನ್ 1078 ಪರೀಕ್ಷೆಯಲ್ಲಿ ಹೆಲ್ಮೆಟ್ಟನ್ನು ಚಪ್ಪಟೆ ಕಬ್ಬಿಣಕ್ಕೆ ಬಡಿಸುವ ವೇಗ ಗಂಟೆಗೆ ಸುಮಾರು 19.5 ಕಿ.ಮೀ. ಸೈಕಲ್ಲಿನಿಂದ ಬಿದ್ದು ತಲೆ ನೆಲಕ್ಕೆ ಬಡಿದರೆ ಉಪಯೋಗಕ್ಕೆ ಬರುತ್ತದೆ. ಓಡುವ ಕಾರಿಗೆ ಅದು ಉತ್ತರ ಅಲ್ಲ. ಕನ್ನಡಿಯನ್ನು ಹ್ಯಾಂಡಲ್ಲಿನ ಬಲ ತುದಿಗೆ ಹಾಕಿಸಿ. ಆದರೆ ಅದೊಂದನ್ನೇ ನಂಬಿ ಬಲಕ್ಕೆ ಸರಿಯಬೇಡಿ, ತಲೆ ತಿರುಗಿಸಿ ನೋಡಿ. ಜಾಕೆಟ್ ನಿಧಾನಕ್ಕೆ ಆಗಲಿ. ದುಡ್ಡಿನಲ್ಲಿ ಮೊದಲು ಬರಬೇಕಾದದ್ದು ನಿಮ್ಮ ಪಟ್ಟಿಯಲ್ಲೇ ಇಲ್ಲ: ಮುಂದೆ ಬಿಳಿ, ಹಿಂದೆ ಕೆಂಪು ಲೈಟ್. ಸಂಜೆ ವಾಪಸು ಬರುವಾಗ ಕತ್ತಲಾಗುತ್ತದೆ ಅನ್ನುವುದಾದರೆ ಈ ವಾರವೇ ತಗೊಳ್ಳಿ.