ಮೈನಸ್ 12.9 ವೋಲ್ಟ್ ಎಲ್ಲಿಂದ ಬಂತು?

ನಮಸ್ಕಾರ,

ಟ್ರಾನ್ಸಿಸ್ಟರ್ ಸರ್ಕ್ಯೂಟಿನ ಔಟ್‌ಪುಟ್ ವೋಲ್ಟೇಜ್ ಲೆಕ್ಕ ಹಾಕುವುದರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ, ತಿದ್ದಿ ಕಳಿಸಿ. ಟ್ರಾನ್ಸಿಸ್ಟರಿನ ಮೂರು ಕಾಲುಗಳ (ಬೇಸ್, ಕಲೆಕ್ಟರ್, ಎಮಿಟರ್) ಬಗ್ಗೆ "ಬೇಸ್ ಕರೆಂಟ್ ಅನ್ನುವುದು ಅಪ್ಪಣೆ, ಕಲೆಕ್ಟರ್ ಕರೆಂಟ್ ಅನ್ನುವುದು ಕೆಲಸ" ಎಂದು ಬರೆದಿದ್ದೀರಲ್ಲ, ಅಂಥ ಮಾತು ಬರೆಯಬಲ್ಲವರು ಈ ವಿಷಯಕ್ಕೆ ಬೇಕು.

ದೊಡ್ಡ ತೊಂದರೆ ಇರುವುದು ನಿಮ್ಮ ಎರಡನೇ ಉದಾಹರಣೆಯಲ್ಲಿ. ಸಪ್ಲೈ 12 ವೋಲ್ಟ್, ಬೇಸಿಗೆ 100 ಕಿಲೋ ಓಮ್, ಕಲೆಕ್ಟರಿಗೆ 2.2 ಕಿಲೋ ಓಮ್, ಎಮಿಟರ್ ನೇರ ಗ್ರೌಂಡಿಗೆ, ಬೀಟಾ (ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್ ಕರೆಂಟ್ ಎನ್ನುವ ಅಂಕಿ) 100. ಬೇಸ್ ಕರೆಂಟ್ 0.113 ಮಿಲಿಆಂಪ್ ಅಂದಿರಿ, ಸರಿ. ಅದನ್ನು 100ರಿಂದ ಗುಣಿಸಿ ಕಲೆಕ್ಟರ್ ಕರೆಂಟ್ 11.3 ಮಿಲಿಆಂಪ್ ಅಂದಿರಿ. ಅಷ್ಟು ಕರೆಂಟ್ ಹರಿದರೆ ರೆಸಿಸ್ಟರಿನಲ್ಲಿ 24.9 ವೋಲ್ಟ್ ಬೀಳಬೇಕು. 12ರಲ್ಲಿ ಅದನ್ನು ಕಳೆದು, ಔಟ್‌ಪುಟ್ ಮೈನಸ್ 12.9 ಎಂದು ಬರೆದು, ಮುಂದಿನ ಉದಾಹರಣೆಗೆ ಹೋಗಿಬಿಟ್ಟಿದ್ದೀರಿ.

ಅಲ್ಲಿ ಒಂದು ಕ್ಷಣ ನಿಲ್ಲಬೇಕಿತ್ತು. ಸರ್ಕ್ಯೂಟಿನಲ್ಲಿ ಇರುವುದೇ ಒಂದು 12 ವೋಲ್ಟ್ ಸಪ್ಲೈ. ಗ್ರೌಂಡಿಗಿಂತ ಕೆಳಗಿನ ವೋಲ್ಟೇಜ್ ಕೊಡುವವರು ಯಾರು? ಟ್ರಾನ್ಸಿಸ್ಟರ್ ಕರೆಂಟನ್ನು ಹುಟ್ಟಿಸುವುದಿಲ್ಲ, ಬರುವುದನ್ನು ಹರಿಯಲು ಬಿಡುತ್ತದೆ ಅಷ್ಟೇ. ಅದು ಪೂರ್ತಿ ದಾರಿ ಬಿಟ್ಟರೂ 2.2 ಕಿಲೋ ಓಮ್ ಮೂಲಕ ಸುಮಾರು 5.4 ಮಿಲಿಆಂಪ್‌ಗಿಂತ ಜಾಸ್ತಿ ಬರಲಾರದು. ಅಷ್ಟಕ್ಕೆ 0.054 ಮಿಲಿಆಂಪ್ ಬೇಸ್ ಕರೆಂಟ್ ಸಾಕು, ನೀವು ಅದರ ಎರಡರಷ್ಟು ಕೊಟ್ಟಿದ್ದೀರಿ. ಅಂದರೆ ಟ್ರಾನ್ಸಿಸ್ಟರ್ ಸ್ಯಾಚುರೇಶನ್‌ಗೆ, ಪೂರ್ತಿ ದಾರಿ ಬಿಟ್ಟ ಸ್ಥಿತಿಗೆ, ಹೋಗಿದೆ. ಬೀಟಾದಿಂದ ಗುಣಿಸುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕಲೆಕ್ಟರ್ ಸುಮಾರು 0.2 ವೋಲ್ಟಿನಲ್ಲಿ ಕೂತಿರುತ್ತದೆ.

ಈ ಉದಾಹರಣೆಯನ್ನು ತೆಗೆಯಬೇಡಿ. ಇದನ್ನೇ ಲೇಖನದ ನಡುಮಧ್ಯಕ್ಕೆ ತನ್ನಿ. ತಪ್ಪು ಉತ್ತರವನ್ನೂ ಇಡಿ, ಅದು ಯಾಕೆ ಆಗದ ಮಾತು ಎಂದು ಓದುವವರ ಜೊತೆ ಕೂತು ನೋಡಿ. ಕಲಿಯುವವರು ಎಡವುವುದು ಇಲ್ಲೇ.

ಮೂರನೇ ಉದಾಹರಣೆ ನನಗೆ ಇಷ್ಟವಾಯಿತು. ಸಪ್ಲೈ ಅದೇ 12 ವೋಲ್ಟ್, ಬೇಸಿಗೆ 47 ಮತ್ತು 10 ಕಿಲೋ ಓಮ್ ಡಿವೈಡರ್ (ವೋಲ್ಟೇಜನ್ನು ಹಂಚುವ ರೆಸಿಸ್ಟರ್ ಜೋಡಿ), ಎಮಿಟರಿಗೆ 1, ಕಲೆಕ್ಟರಿಗೆ 3.3 ಕಿಲೋ ಓಮ್. ಬೇಸ್ 2.1, ಎಮಿಟರ್ 1.4, ಕಲೆಕ್ಟರ್ 7.4 ವೋಲ್ಟ್. ಲೆಕ್ಕ ಸರಿಯಾಗಿದೆ. ಆದರೆ ಬೀಟಾ ಇಲ್ಲಿ ಎಲ್ಲಿ ಹೋಯಿತು ಎಂದು ನೀವು ಹೇಳಲೇ ಇಲ್ಲ. ಡಿವೈಡರಿನಲ್ಲಿ ಹರಿಯುವುದು 0.21 ಮಿಲಿಆಂಪ್. ಬೀಟಾ 200 ಇದ್ದರೆ ಬೇಸ್ ಎಳೆಯುವುದು 0.007 ಮಾತ್ರ, ಅದಕ್ಕೇ ಬೀಟಾವನ್ನು ಲೆಕ್ಕದಿಂದ ಬಿಟ್ಟರೂ ನಡೆಯುತ್ತದೆ. ಇದು ಯಾಕೆ ಮುಖ್ಯ ಅಂದರೆ, ಬಿಸಿ547 ಎಂಬ ಟ್ರಾನ್ಸಿಸ್ಟರಿನ ಡೇಟಾಶೀಟಿನಲ್ಲಿ ಬೀಟಾ 110ರಿಂದ 800ರವರೆಗೆ ಇದೆ. ಬೀಟಾವನ್ನೇ ನಂಬಿದ ಸರ್ಕ್ಯೂಟಿನಲ್ಲಿ ಟ್ರಾನ್ಸಿಸ್ಟರ್ ಬದಲಿಸಿದರೆ ಔಟ್‌ಪುಟ್ ಕೂಡ ಬದಲಾಗುತ್ತದೆ. ಡಿವೈಡರ್ ಇದ್ದರೆ ಅಷ್ಟಾಗಿ ಅಲುಗಾಡುವುದಿಲ್ಲ. ಈ ಮಾತು ಲೇಖನದಲ್ಲಿ ಬರಲೇಬೇಕು.

ಇನ್ನೊಂದು ವಿಷಯ. ‘ಔಟ್‌ಪುಟ್ ವೋಲ್ಟೇಜ್’ ಅಂತ ಒಮ್ಮೆ ಕಲೆಕ್ಟರಿನಿಂದ ಗ್ರೌಂಡಿಗೆ, ಇನ್ನೊಮ್ಮೆ ಕಲೆಕ್ಟರಿನಿಂದ ಎಮಿಟರಿಗೆ ಅಳೆದಿದ್ದೀರಿ. ಮೂರನೇ ಸರ್ಕ್ಯೂಟಿನಲ್ಲಿ ಒಂದು 7.4, ಇನ್ನೊಂದು 6. ಮೊದಲೇ ಯಾವುದೆಂದು ಹೇಳಿ, ಕೊನೆಯವರೆಗೂ ಅದನ್ನೇ ಹಿಡಿಯಿರಿ.

1947ರ ಬೆಲ್ ಲ್ಯಾಬ್ಸ್ ಕಥೆಗೆ ಒಂದೂವರೆ ಪುಟ ಹೋಗಿದೆ. ಅದು ಒಳ್ಳೆಯ ಕಥೆಯೇ, ಆದರೆ ಈ ಲೇಖನದ್ದಲ್ಲ. ತೆಗೆದುಬಿಡಿ.

ತಿದ್ದುವ ಮೊದಲು ಆ ಎರಡನೇ ಸರ್ಕ್ಯೂಟನ್ನು ಬ್ರೆಡ್‌ಬೋರ್ಡಿನಲ್ಲಿ ಜೋಡಿಸಿ. ಮಲ್ಟಿಮೀಟರಿನ ಕಪ್ಪು ತಂತಿ ಗ್ರೌಂಡಿಗೆ, ಕೆಂಪು ತಂತಿ ಕಲೆಕ್ಟರಿಗೆ. ಬಂದ ಅಂಕಿಯನ್ನು ಹಾಗೇ ಬರೆದು, ಹೊಸ ಪ್ರತಿಯ ಜೊತೆ ಕಳಿಸಿ. ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ