ಫಾಲ್ ಹಾಕಿಸಿದ ಮೇಲೆ ಸೀರೆಯ ಅಂಚು ಸುಕ್ಕುಗಟ್ಟುವುದೇಕೆ?

ಪ್ರಶ್ನೆ: ಹೊಸ ಇಳಕಲ್ ಸೀರೆಗೆ ಫಾಲ್ ಹಾಕಿಸಿದೆ. ಒಮ್ಮೆ ಒಗೆದ ಮೇಲೆ ಕೆಳಗಿನ ಅಂಚು ನೆರಿಗೆ ನೆರಿಗೆಯಾಗಿ ಸುಕ್ಕುಗಟ್ಟಿದೆ. ಸರಿಪಡಿಸಬಹುದೇ? ಕುಪ್ಪಸದ ಬಟ್ಟೆಯ ಅಂಚನ್ನು ಟೈಲರ್ ಕತ್ತರಿಸಿ ಎಸೆದರು, ಅದೇಕೆ? ಅಂಗಡಿಯವರು ಹೇಳುವ ದಡಿ, ನಾವು ಹೇಳುವ ಅಂಚು ಎರಡೂ ಒಂದೇನಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಗೊಂದಲದ ಬೇರು ಅಲ್ಲಿದೆ. ಸೀರೆಯ ಉದ್ದಕ್ಕೂ ಬೇರೆ ಬಣ್ಣದಲ್ಲಿ ಬರುವ ಅಗಲ ಪಟ್ಟಿಗೆ ಉತ್ತರ ಕರ್ನಾಟಕದಲ್ಲಿ ದಡಿ ಎನ್ನುತ್ತಾರೆ, ಹಳೆ ಮೈಸೂರಿನ ಕಡೆ ಅಂಚು. ಇಳಕಲ್ಲಿನಲ್ಲಿ ಗೋಮಿ, ಪರಾಸಪೇಟಿ, ಗಾಡಿ ಎಂದು ದಡಿಗೇ ಹೆಸರುಗಳಿವೆ. ಆದರೆ ಟೈಲರ್ ಕತ್ತರಿಸಿದ ಅಂಚು ಇದಲ್ಲ. ಅದು ಬಟ್ಟೆಯ ತೀರಾ ಹೊರಗಿನ, ಕಾಲಿಂಚೋ ಅರ್ಧ ಇಂಚೋ ಅಗಲದ ಗಟ್ಟಿ ಭಾಗ. ನೇಯುವಾಗ ಅಡ್ಡ ನೂಲನ್ನು ಒಯ್ಯುವ ಲಾಳಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿ ಹಿಂದಿರುಗುವಾಗ ಆ ನೂಲು, ಅಂದರೆ ಹೊಕ್ಕು, ಅಲ್ಲಿ ತಿರುವು ತೆಗೆದುಕೊಳ್ಳುತ್ತದೆ. ಅದಕ್ಕೇ ಆ ಬದಿ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಸೆರಗು ಇವೆರಡೂ ಅಲ್ಲ, ಅದು ಸೀರೆಯ ಹೊರತುದಿ. ಇಳಕಲ್ಲಿನಲ್ಲಿ ಸೆರಗಿನ ಹಾಸು, ಅಂದರೆ ಉದ್ದದ ನೂಲು, ಬೇರೆ, ಒಡಲಿನ ಹಾಸು ಬೇರೆ. ಎರಡರ ನೂಲನ್ನೂ ಒಂದಕ್ಕೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸಿದರೆ ಕೊಂಡಿಗಳ ಸಣ್ಣ ಉಬ್ಬು ಕೈಗೆ ಸಿಗುತ್ತದೆ.

ಈಗ ಸುಕ್ಕಿನ ವಿಷಯ. ನಿಮ್ಮ ಸೀರೆಯಲ್ಲಿ ಆಗಿರುವುದು ಬಹುತೇಕ ಇಷ್ಟೇ: ಹತ್ತಿಯ ಫಾಲನ್ನು ನೆನೆಸದೆ ಹೊಲಿದಿದ್ದಾರೆ, ಒಗೆದಾಗ ಅದು ಕುಗ್ಗಿ ದಡಿಯನ್ನು ತನ್ನೊಂದಿಗೆ ಎಳೆದುಕೊಂಡಿದೆ. ಸೀರೆ ಕೆಟ್ಟಿಲ್ಲ. ಫಾಲಿನ ಹೊಲಿಗೆಯನ್ನು ಪೂರ್ತಿ ಬಿಚ್ಚಿ, ದಡಿಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಮಾಡಿ. ಫಾಲ್ ಈಗಾಗಲೇ ಕುಗ್ಗಿರುವುದರಿಂದ ಅದನ್ನೇ ಮತ್ತೆ ಬಳಸಬಹುದು. ಹೊಸದಾದರೆ ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಬಣ್ಣ ಬಿಡುತ್ತಿದ್ದರೆ ಆ ಫಾಲ್ ಬೇಡವೇ ಬೇಡ.

ಹೊಲಿಯುವಾಗ ಸೀರೆಯನ್ನು ನೆಲದ ಮೇಲೆ, ಇಲ್ಲವೇ ಮೇಜಿನ ಮೇಲೆ ಹರಡಿ. ತೊಡೆಯ ಮೇಲಿಟ್ಟು ಹೊಲಿದರೆ ಒಂದು ಪದರ ಹಿಗ್ಗಿ ಇನ್ನೊಂದು ಸಡಿಲವಾಗಿ, ಒಗೆಯುವ ಮೊದಲೇ ಸುಕ್ಕು ಬೀಳುತ್ತದೆ. ಸೊಂಟಕ್ಕೆ ಮೊದಲು ಸಿಕ್ಕಿಸುವ ತುದಿಯಿಂದ ಒಂದು ಗೇಣು ಬಿಟ್ಟು, ಒಳಮೈಗೆ ಫಾಲ್ ಇಡಿ. ಫಾಲಿನ ತುದಿಗಳನ್ನು ಅರ್ಧ ಇಂಚು ಒಳಕ್ಕೆ ಮಡಚಿ. ಕೆಳಬದಿ ಸೀರೆಯ ಅಂಚಿಗಿಂತ ಎರಡು ಮಿಲಿಮೀಟರ್ ಒಳಗಿರಲಿ, ಆಗ ಹೊರಗೆ ಇಣುಕುವುದಿಲ್ಲ. ಗೇಣಿಗೊಂದು ಗುಂಡುಪಿನ್ನು ಸಾಕು. ಒಂಟಿ ಎಳೆಯ ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಉದ್ದವಾದರೆ ಸುತ್ತಿಕೊಂಡು ಎಳೆಯುತ್ತದೆ. ಕೆಳಬದಿಯಲ್ಲಿ ಕಾಲಿಂಚಿಗೊಂದು ಹೊಲಿಗೆ ಹಾಕಿ. ಮೇಲ್ಬದಿಯಲ್ಲಿ ಸೀರೆಯ ಒಂದೆರಡು ಎಳೆ ಮಾತ್ರ ಸೂಜಿಗೆ ಸಿಗಲಿ, ಹೊಲಿಗೆ ಅರ್ಧ ಇಂಚಿಗೊಂದಿರಲಿ, ದಾರ ಬಿಗಿಯದಿರಲಿ. ಇಲ್ಲಿ ಮಿಷನ್ ಹೊಲಿಗೆ ದಯವಿಟ್ಟು ಬೇಡ. ರೇಷ್ಮೆ ದಡಿಯಲ್ಲಿ ಸೂಜಿಯ ತೂತು ಹಾಗೇ ಉಳಿಯುತ್ತದೆ, ಪಾಲಿಯೆಸ್ಟರ್ ದಾರ ಜಗ್ಗಿದಾಗ ರೇಷ್ಮೆಯ ಎಳೆ ಹರಿಯುತ್ತದೆ.

ಪಿಕೋ, ಅಂದರೆ ಎಳೆ ಬಿಚ್ಚದಂತೆ ತುದಿಗೆ ಹಾಕುವ ಮಿಷನ್ ಹೊಲಿಗೆ, ಬೇಕಾಗುವುದು ಕತ್ತರಿಸಿದ ಅಡ್ಡ ತುದಿಗಳಿಗೆ ಮಾತ್ರ. ಲಾಳಿ ಮಗ್ಗದ ಸೀರೆಯ ಉದ್ದದ ಬದಿಗೆ ಅದು ದಂಡ. ಲಾಳಿಯಿಲ್ಲದ ರೇಪಿಯರ್ ಮಗ್ಗದ ಬಟ್ಟೆಯಲ್ಲಿ ಹೊಕ್ಕಿನ ತುದಿಗಳು ರೆಪ್ಪೆಗೂದಲಿನಂತೆ ಹೊರಚಾಚಿರುತ್ತವೆ. ನೋಡಲು ಚೆನ್ನಾಗಿಲ್ಲವೆಂದು ಬುಡದವರೆಗೆ ಕತ್ತರಿಸಬೇಡಿ. ಪಕ್ಕದಲ್ಲೇ ಅವನ್ನು ಹಿಡಿದಿರುವ ನೂಲು ಕತ್ತರಿಗೆ ಸಿಕ್ಕರೆ ಬಟ್ಟೆ ಬಿಚ್ಚಿಕೊಳ್ಳುತ್ತದೆ.

ಟೈಲರ್ ಮಾಡಿದ್ದು ಸರಿ. ಗಟ್ಟಿ ಅಂಚಿನಲ್ಲಿ ಹಾಸಿನ ನೂಲು ಒತ್ತೊತ್ತಾಗಿರುವುದರಿಂದ ಅದು ಕುಗ್ಗುವ ಪ್ರಮಾಣವೇ ಬೇರೆ. ಅದನ್ನು ಹೊಲಿಗೆಯೊಳಗೆ ಸೇರಿಸಿದರೆ ಒಗೆದ ಮೇಲೆ ಕುಪ್ಪಸದ ಪಕ್ಕ ಜಗ್ಗುತ್ತದೆ. ಬಟ್ಟೆ ಸಾಲದಿದ್ದಾಗ ಅಂಚನ್ನು ಉಳಿಸಿಕೊಂಡು, ಎರಡು ಇಂಚಿಗೊಂದರಂತೆ ಹೊಲಿಗೆ ಮುಟ್ಟದ ಹಾಗೆ ಸಣ್ಣ ಕಚ್ಚು ಹಾಕಬಹುದು. ಆದರೆ ಗುರುತು ಹಾಕಿ ಮುಗಿಯುವವರೆಗೆ ಅಂಚನ್ನು ತೆಗೆಯಬಾರದು. ಹಾಸು ಯಾವ ದಿಕ್ಕಿಗಿದೆ ಎಂದು ತಕ್ಷಣ ತಿಳಿಯುವುದು ಅದರಿಂದಲೇ.